ತೈಪೆಯಿಂದ ತಂದ ಒಂದು ಖರೇ ಸುದ್ದಿ

ಸೂಪರ್ ಮಾರ್ಕೆಟ್, ಹೊರಡುವ ಮುಂಚೆ

ಇನ್ನೂ ಹುಟ್ಟದ ವಸ್ತುಗಳ ಬಗ್ಗೆ ಮಾತಾಡುವುದು ನನ್ನ ಕಸುಬು. ಮುಂದಿನ ವರ್ಷ ಬರುವ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ, ಅದರಾಚೆ ವರ್ಷದ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಮೆಮೊರಿ ಹಾಕುತ್ತಾರೆ, ಹೊಸ ಚಿಪ್ಪು ಹಳೇ ಬೋರ್ಡಿನಲ್ಲಿ ಕೂರುತ್ತದೋ ಇಲ್ಲ ಬೋರ್ಡನ್ನೂ ಬಿಸಾಕಬೇಕೋ, ಇದನ್ನೆಲ್ಲ ಕಲಬುರಗಿಯ ಪಕ್ಕದ ಕುಸನೂರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕೂತು ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತೇನೆ. ಚಾನೆಲಿನ ಹೆಸರು 'ಚಿಪ್ ಕಟ್ಟಿ', ನೋಡುವವರಿಗೆ ನಾನು ಶರಣು ಸರ್. ಊರ ಕಟ್ಟೆಯ ಮೇಲೆ ಕೂತವರು ಯಾರ ಮನೆಯ ಸೊಸೆ ಯಾಕೆ ತವರಿಗೆ ಹೋದಳು ಅಂತ ಎಷ್ಟು ಭರವಸೆಯಿಂದ ಹೇಳುತ್ತಾರೋ, ನಾನೂ ಅಷ್ಟೇ ಭರವಸೆಯಿಂದ ಹೇಳುತ್ತೇನೆ. ಅವರದು ನಿಜವಾಗುವಷ್ಟು ಸಲ ನನ್ನದೂ ನಿಜವಾಗುತ್ತದೆ.

ಪ್ರತಿ ವಿಡಿಯೊದ ಕೊನೆಯಲ್ಲಿ ಒಂದೇ ಸಲಹೆ: ಈಗ ತಗೋಬ್ಯಾಡ್ರಿ, ತಡೀರಿ, ಇದಕ್ಕಿಂತ ಛಲೋದು ಬರಾಕತ್ತದ. ಜಗತ್ತಿನಲ್ಲಿ ಇದಕ್ಕಿಂತ ಸುರಕ್ಷಿತವಾದ ಸಲಹೆ ಇಲ್ಲ. ಛಲೋದು ಯಾವಾಗಲೂ ಬರಾಕತ್ತಿರುತ್ತದೆ. ಜನ ತಡೆದರು. ತಡೆದವರಿಗೆ ನಷ್ಟವಾಗಲಿಲ್ಲ. ನಷ್ಟವಾದದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಮೊಹಸಿನನಿಗೆ. ಅವನು ಕಾಲೇಜಿನಿಂದಲೂ ನನ್ನ ಗೆಳೆಯ. ಉರ್ದು ಶಾಲೆಯಲ್ಲಿ ಕಲಿತವನು, ಕನ್ನಡ ನನಗಿಂತ ಜೋರಾಗಿ ಮಾತಾಡುತ್ತಾನೆ, ಆದರೆ ಓದುವುದಿಲ್ಲ. ಇದನ್ನು ಬರೆಯಲು ನನಗೆ ಧೈರ್ಯ ಬಂದದ್ದೂ ಅದರಿಂದಲೇ.

ಅವನ ಅಂಗಡಿಗೆ ಗಿರಾಕಿ ಬರುತ್ತಿದ್ದರು, ಕಪಾಟಿನಿಂದ ಗ್ರಾಫಿಕ್ಸ್ ಕಾರ್ಡು ತೆಗೆಸುತ್ತಿದ್ದರು, ತಿರುಗಿಸಿ ನೋಡುತ್ತಿದ್ದರು, "ಶರಣು ಸರ್ ತಡೀರಿ ಅಂದಾರ್ರಿ" ಎಂದು ವಾಪಸಿಟ್ಟು ಪಕ್ಕದಲ್ಲಿ ಚಪ್ಪಲಿ ಕೊಂಡು ಹೋಗುತ್ತಿದ್ದರು. ಪಕ್ಕದ ಚಪ್ಪಲಿ ಅಂಗಡಿ ಬಸಣ್ಣನದು. ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡಬೇಕು ಅನ್ನುವುದು ಬಸಣ್ಣನ ಬಹುದಿನದ ಆಸೆ.

ತೈಪೆಯ ಕಂಪ್ಯೂಟರ್ ಮೇಳಕ್ಕೆ ನನಗೆ ಪಾಸು ಬಂತೆಂದು ಹೇಳಲು ಹೋದಾಗ ಮೊಹಸಿನ್ ಚಹಾ ತರಿಸಿದ.

"ಹೋಗ್ ಬಾ ಭಾಯ್. ಕಣ್ಣಾರೆ ನೋಡು. ಹೊಸ ಕಾರ್ಡ್ ಖರೇನ ಬರೂದಿದ್ರ ನನ್ನ ಕಪಾಟದಾಗಿನ ಮಾಲು ಮಣ್ಣಿಗಿ ಸಮ. ಅಂಗಡಿ ಬಸಣ್ಣಗ ಕೊಟ್ಟು ಮನ್ಯಾಗ ಕುಂಡರ್ತೇನಿ. ಬರೂದಿಲ್ಲಂದ್ರ ಹಂಗಂತ ಮಂದಿಗಿ ಹೇಳು. ನಿನ್ನ ವಿಡಿಯೊ ಬರೂತನಕ ಬಸಣ್ಣಗ ನಾ ಹೌದೂ ಅನ್ನಲ್ಲ, ಅಲ್ಲಾನೂ ಅನ್ನಲ್ಲ."

ಅವನು ನಗುತ್ತಲೇ ಹೇಳಿದ. ಆದರೆ ಅವನ ಅಪ್ಪ ರೇಡಿಯೊ ರಿಪೇರಿ ಮಾಡಿದ್ದು ಅದೇ ಅಂಗಡಿಯಲ್ಲಿ, ಅದೇ ಕುರ್ಚಿಯಲ್ಲಿ ಕೂತು.

ವಿಮಾನ ನಿಲ್ದಾಣದ ನಾಯಿ

ಕಮಲಾಪುರದಲ್ಲಿರುವ ನಮ್ಮವ್ವನಿಗೆ ಮಗ ಯಾಕೆ ಪರದೇಶಕ್ಕೆ ಹೊರಟ ಅನ್ನುವುದು ತಿಳಿಯಲಿಲ್ಲ, ಬರಿಗೈಲಿ ಹೊರಟ ಅನ್ನುವುದು ಮಾತ್ರ ತಿಳಿಯಿತು. "ದೊಡ್ಡ ಮಂದೀನ ನೋಡಾಕ ಹಂಗ ಹೋಗ್ತಾರೇನು?" ಎಂದು ನಮ್ಮೂರಿನ ಕೆಂಪು ಬಾಳೆಹಣ್ಣನ್ನು ಬನಿಯನ್ನುಗಳ ನಡುವೆ ಸುತ್ತಿ ಇಟ್ಟಳು. ಕಮಲಾಪುರದ ಕೆಂಪು ಬಾಳೆ ಸಾಮಾನ್ಯವಲ್ಲ. ಬೀಗರ ಮುಂದೆ ಇಟ್ಟರೆ ಅರ್ಧ ಮಾತುಕತೆ ಮುಗಿದಂತೆ.

ತೈಪೆಯಲ್ಲಿ ಇಳಿದು ಚೀಲಕ್ಕಾಗಿ ನಿಂತಿದ್ದೆ. ಉದ್ದ ಕಿವಿಯ ಗಿಡ್ಡ ನಾಯಿಯೊಂದು ಬಂದು ನನ್ನ ಚೀಲ ಮೂಸಿ, ಪಕ್ಕದಲ್ಲಿ ಶಿಸ್ತಾಗಿ ಕೂತಿತು. ಎಷ್ಟು ಮುದ್ದಾದ ಸ್ವಾಗತ ಎಂದುಕೊಂಡು ತಲೆ ಸವರಹೋದೆ. ಅದರ ಹಿಂದೆ ಹಗ್ಗ ಹಿಡಿದಿದ್ದ ಅಧಿಕಾರಿಣಿ ತಲೆ ಬಾಗಿಸಿ ಚೀಲ ತೆರೆಯಲು ಹೇಳಿದಳು. ಈ ದೇಶಕ್ಕೆ ಹೊರಗಿನ ಹಣ್ಣು ತರುವಂತಿಲ್ಲವಂತೆ. ಎಲ್ಲರ ಮುಂದೆ ನನ್ನ ಬನಿಯನ್ನುಗಳು ಒಂದೊಂದಾಗಿ ಹೊರಬಂದವು, ಆಮೇಲೆ ಬಾಳೆಹಣ್ಣು. ಬಯ್ಯುತ್ತಾಳೆ ಎಂದು ಮೈ ಗಟ್ಟಿ ಮಾಡಿಕೊಂಡು ನಿಂತೆ. ಅವಳು ಬಾಳೆಯ ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ತುಂಬಾ ಚೆಂದದ ಬಣ್ಣ, ಕ್ಷಮಿಸಿ" ಎಂದು ಕಸದ ಪೆಟ್ಟಿಗೆಗೆ ಹಾಕಿದಳು. ದಂಡ ಹಾಕದೆ ಕಾಗದವೊಂದಕ್ಕೆ ಸಹಿ ಮಾಡಿಸಿ ಕಳಿಸಿದಳು. ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲಾಟ್‌ಫಾರ್ಮ್ ವಿಚಾರಿಸಿದರೆ ಸಿಗುವ ಮರ್ಯಾದೆಗಿಂತ, ಇಲ್ಲಿ ಅಪರಾಧ ಮಾಡಿದರೆ ಸಿಗುವ ಮರ್ಯಾದೆ ಜಾಸ್ತಿ ಇತ್ತು.

ಕಸದ ಗಾಡಿಯ ಹಾಡು

ಮೊದಲ ಸಂಜೆ ಹೋಟೆಲಿನ ಬೀದಿಯಲ್ಲಿ ಇಂಪಾದ ಪಿಯಾನೊ ಕೇಳಿತು. ಐಸ್‌ಕ್ರೀಮ್ ಗಾಡಿ ಎಂದು ಚಿಲ್ಲರೆ ಹಿಡಿದು ಓಡಿದೆ. ನನ್ನ ಜೊತೆ ಇಡೀ ಓಣಿಯೇ ಓಡುತ್ತಿತ್ತು. ಅಜ್ಜಿಯರು, ಟೈ ಕಟ್ಟಿದವರು, ಕೂಸು ಎತ್ತಿಕೊಂಡವರು. ಗಾಡಿ ತಿರುವಿನಲ್ಲಿ ಕಂಡಾಗ ನೋಡಿದರೆ ಎಲ್ಲರ ಕೈಯಲ್ಲೂ ಕಸದ ಚೀಲ. ಹಾಡು ಕೇಳಿಸಿದ ಕೂಡಲೇ ಕಸ ತಂದು ತಾವೇ ಗಾಡಿಯೊಳಕ್ಕೆ ಎಸೆಯಬೇಕು, ನೆಲದ ಮೇಲೆ ಇಡುವಂತಿಲ್ಲ. ನಮ್ಮಲ್ಲೂ ಕಸದ ಗಾಡಿ ಹಾಡುತ್ತದೆ. ಅದು ಹಾಡಿಕೊಂಡು ಹೋಗುತ್ತದೆ, ನಾವು ಕೇಳಿಕೊಂಡು ಒಳಗಿರುತ್ತೇವೆ, ಗಾಡಿ ದಾಟಿದ ಮೇಲೆ ಎದುರು ಮನೆಯ ಖಾಲಿ ಸೈಟಿಗೆ ಎಸೆಯುತ್ತೇವೆ. ಚಿಲ್ಲರೆ ಹಿಡಿದು ನಿಂತ ನನ್ನನ್ನು ನೋಡಿ ಗಾಡಿಯವನು ಕಸ ಕೊಡು ಎಂದು ಕೈ ಚಾಚಿದ. ಕೊಡಲು ಏನೂ ಇಲ್ಲದ್ದಕ್ಕೆ ನಾಚಿಕೆಯಾಗಿ ಜೇಬಿನಲ್ಲಿದ್ದ ವಿಮಾನದ ಹಳೇ ಚೀಟಿ ಕೊಟ್ಟೆ.

ಮೇಳದಲ್ಲಿ ನೈವೇದ್ಯ

ಮೇಳದಲ್ಲಿ ನನ್ನಂಥವರು ದಂಡುಗಟ್ಟಿ ಬಂದಿದ್ದರು. ಜಗತ್ತಿನ ಮೂಲೆಮೂಲೆಯಿಂದ, ಇನ್ನೂ ಹುಟ್ಟದ ಚಿಪ್ಪುಗಳ ಜಾತಕ ಹಿಡಿದವರು. ಪೋಲೆಂಡಿನ ಗಡ್ಡದವನೊಬ್ಬ ಹೊಸ ಗ್ರಾಫಿಕ್ಸ್ ಕಾರ್ಡು ಚಳಿಗಾಲಕ್ಕೆ ಬರುವುದು ಖಂಡಿತ ಎಂದ. ಯಾರು ಹೇಳಿದರು ಎಂದೆ. ಬ್ರೆಜಿಲ್ ದೇಶದವನೊಬ್ಬನನ್ನು ತೋರಿಸಿದ. ಬ್ರೆಜಿಲ್‌ನವನನ್ನು ಕೇಳಿದರೆ ಪೋಲೆಂಡಿನವನನ್ನು ತೋರಿಸಿದ. ಇಬ್ಬರೂ ಅಪ್ಪಿಕೊಂಡು ಫೋಟೊ ತೆಗೆಸಿಕೊಂಡರು. ಮತ್ತೊಬ್ಬ ತನ್ನ ಫೋನಿನಲ್ಲಿ ಹೊಸ ಕಾರ್ಡಿನ ಕದ್ದ ಫೋಟೊ ಇದೆ ಎಂದು ಮೂಲೆಗೆ ಕರೆದು ತೋರಿಸಿದ. ಫೋಟೊದಲ್ಲಿ ಕಂಡದ್ದು ಫ್ಯಾನಿನ ಕಾಲುಭಾಗ ಮತ್ತು ಅವನದೇ ಹೆಬ್ಬೆರಳು. ಕಂಪನಿಯವರೋ, ಯಾವ ಪ್ರಶ್ನೆ ಕೇಳಿದರೂ "ನಾವು ತುಂಬಾ ಉತ್ಸಾಹದಲ್ಲಿದ್ದೇವೆ" ಎನ್ನುತ್ತಿದ್ದರು. ಈ ವರ್ಷ ಬರುತ್ತದೋ ಇಲ್ಲವೋ ಎಂದು ಒಬ್ಬ ಎಂಜಿನಿಯರನ್ನು ನೇರವಾಗಿ ಕೇಳಿದೆ. ಅವನು ಚಹಾ ಗುಟುಕರಿಸಿ ತೈಪೆಯ ಹವೆಯನ್ನು ಹೊಗಳಿದ.

ಹಸಿವಾಗಿತ್ತು. ಒಂದು ಮಳಿಗೆಯಲ್ಲಿ ಪ್ರದರ್ಶನಕ್ಕಿಟ್ಟ ದೊಡ್ಡ ಯಂತ್ರದ ನೆತ್ತಿಯ ಮೇಲೆ ಹಸಿರು ಪೊಟ್ಟಣವೊಂದು ಕಂಡಿತು. ಮೆಕ್ಕೆಜೋಳದ ಉಬ್ಬಿದ ತಿಂಡಿ, ನಮ್ಮ ಮಂಡಾಳು-ಚುರುಮುರಿಯ ಶ್ರೀಮಂತ ನೆಂಟನಂಥದ್ದು. ಯಂತ್ರದ ಮೇಲೆ ತಿಂಡಿ ಯಾಕೆ ಎಂದು ಪಕ್ಕದಲ್ಲಿ ನಿಂತವನನ್ನು ಕೇಳಿದೆ. ಯಂತ್ರ ಕೆಡದೆ ನಡೆಯಲಿ ಎಂದು ಇಡುತ್ತಾರೆ, ಇಲ್ಲಿ ಆಸ್ಪತ್ರೆ, ಬ್ಯಾಂಕು ಎಲ್ಲ ಕಡೆಯೂ ಇಡುತ್ತಾರೆ ಎಂದ. ನನ್ನ ಮನಸ್ಸು ತುಂಬಿಬಂತು. ನಾವೂ ಆಯುಧ ಪೂಜೆಗೆ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಮುಂದೆ ಪೇಢೆ ಇಡುತ್ತೇವೆ. ಇಟ್ಟ ಮೇಲೆ ಏನು ಮಾಡುತ್ತೇವೆ? ತಿನ್ನುತ್ತೇವೆ. ದೇವರಿಗೆ ತೋರಿಸಿದ್ದನ್ನು ತಿನ್ನದೆ ಬಿಟ್ಟರೆ ಅದು ಅವಮಾನ. ಪೊಟ್ಟಣ ಬಿಚ್ಚಿದೆ, ಒಂದಿಷ್ಟು ಕಣ್ಣಿಗೊತ್ತಿಕೊಂಡೆ, ತಿಂದೆ. ತೆಂಗಿನಕಾಯಿಯ ಪರಿಮಳ, ಚೆನ್ನಾಗಿತ್ತು. ಪಕ್ಕದವನಿಗೂ ಕೈ ನೀಡಿ "ಪ್ರಸಾದ" ಎಂದೆ.

ಅವನ ಮುಖ ಬಿಳಿಚಿಕೊಂಡಿತು. ಮಳಿಗೆಯ ಹುಡುಗಿ ಚೀರಿದಳು. ಆ ಪೊಟ್ಟಣವನ್ನು ತಿನ್ನುವಂತಿಲ್ಲ, ಬಿಚ್ಚುವಂತಿಲ್ಲ, ಬಣ್ಣ ಹಸಿರೇ ಇರಬೇಕು, ತಾರೀಖು ಮೀರಿರಬಾರದು. ಅದನ್ನು ತಿಂದರೆ ಯಂತ್ರ ಮುನಿಯುತ್ತದೆ. ಅವಳು ಹೇಳಿ ಮುಗಿಸುವುದಕ್ಕೂ ಹಿಂದಿನ ದೊಡ್ಡ ಪರದೆ ನೀಲಿಯಾಗಿ ನಿಂತುಬಿಡುವುದಕ್ಕೂ ಸರಿಹೋಯಿತು. ನಾನು ಮೂಢನಂಬಿಕೆಯವನಲ್ಲ. ಆದರೂ ಬಾಯಲ್ಲಿದ್ದದ್ದನ್ನು ಅಗಿಯುವುದು ನಿಲ್ಲಿಸಿದೆ.

ಆಗ ಜೋರಾಗಿ ನಕ್ಕವಳು ಒಬ್ಬಳೇ. ಮಳಿಗೆಯ ಒಳಗೆ ಯಾರಿಗೋ ಕಾದು ಕೂತಿದ್ದ, ನಮ್ಮವ್ವನಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹೆಂಗಸು. ಹೆಸರು ಲಿನ್, ನಮ್ಮ ಕಡೆ ಹಿರಿಯ ಹೆಂಗಸರನ್ನು ಕರೆಯುವ ಹಾಗೆ ನನಗೆ ಲಿನ್ ಬಾಯಿ. ಹೊರಗೆ ಕರೆದುಕೊಂಡು ಹೋಗಿ ಹೊಸ ಹಸಿರು ಪೊಟ್ಟಣ ಕೊಡಿಸಿದಳು, ನಾನು ಅದನ್ನು ಎರಡೂ ಕೈಯಲ್ಲಿ ಒಪ್ಪಿಸಿ ಯಂತ್ರಕ್ಕೆ ನಮಸ್ಕಾರ ಹಾಕಿದೆ. ಪರದೆ ಸ್ವಲ್ಪ ಹೊತ್ತಿಗೆ ಸರಿಹೋಯಿತು. ಇಷ್ಟು ನಗಿಸಿದ್ದಕ್ಕೆ ಚಹಾ ಕುಡಿಸುತ್ತೇನೆ, ನಾಳೆ ನಮ್ಮ ಕಾರ್ಖಾನೆಗೆ ಬಾ ಎಂದಳು ಲಿನ್ ಬಾಯಿ. ಏನು ಮಾಡುತ್ತೀರಿ ಎಂದು ಕೇಳಿದೆ. ಡಬ್ಬಿ ಮಾಡುತ್ತೇನೆ ಎಂದಳು. ಗ್ರಾಫಿಕ್ಸ್ ಕಾರ್ಡು ಮಾರುವಾಗ ಹಾಕಿಕೊಡುವ ರಟ್ಟಿನ, ಬಣ್ಣಬಣ್ಣದ ಡಬ್ಬಿ.

ಸಾನ್‌ಚೋಂಗ್, ಡಬ್ಬಿ ಕಾರ್ಖಾನೆ

ಇಲ್ಲಿ ನಮ್ಮವ್ವನ ಇನ್ನೊಂದು ವಿದ್ಯೆಯ ಬಗ್ಗೆ ಹೇಳಬೇಕು. ಕಮಲಾಪುರದ ಸುತ್ತಮುತ್ತ ಯಾರ ಮಗಳಿಗೆ ಗಂಡು ನೋಡುತ್ತಿದ್ದರೂ, ಹುಡುಗ ಎಂಥವನು ಎಂದು ವಿಚಾರಿಸಲು ನಮ್ಮವ್ವನನ್ನು ಕಳಿಸುತ್ತಾರೆ. ಅವಳು ಗಂಡಿನ ಮನೆಗೆ ಹೋಗುವುದೇ ಇಲ್ಲ. "ಅವರ ಮನ್ಯಾಗ ಕೇಳಿದ್ರ ಬಂಗಾರದಂಥ ಹುಡಗ ಅಂತಾರ. ಅಂಗಿ ಹೊಲ್ಯಾವನ್ನ ಕೇಳಬೇಕು, ಕಿರಾಣಿಯವನ್ನ ಕೇಳಬೇಕು" ಎನ್ನುತ್ತಾಳೆ. ಮೂರು ದಿನ ಕಂಪನಿಯ ಮಳಿಗೆಗಳ ಬಾಗಿಲಲ್ಲಿ ಬಂಗಾರದಂಥ ಕಾರ್ಡು ಎನ್ನುವುದನ್ನು ಕೇಳಿಸಿಕೊಂಡಿದ್ದ ನನಗೆ, ಲಿನ್ ಬಾಯಿಯ ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ನಾನು ದರ್ಜಿಯ ಅಂಗಡಿಗೆ ಬಂದಿದ್ದೇನೆ ಎಂದು ಹೊಳೆಯಿತು.

ತೈಪೆಯಾಚೆ ಹೊಳೆ ದಾಟಿದರೆ ಸಾನ್‌ಚೋಂಗ್. ಸಣ್ಣ ಸಣ್ಣ ಕಾರ್ಖಾನೆಗಳ ಓಣಿ, ಬಾಗಿಲಲ್ಲಿ ಸ್ಕೂಟರು, ಗಾಳಿಯಲ್ಲಿ ಶಾಯಿಯ ವಾಸನೆ. ಲಿನ್ ಬಾಯಿ ಚಹಾ ಬಗ್ಗಿಸಿದಳು. ನಮ್ಮ ಹಾಗೆ ಒಂದು ಕಪ್ಪು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಬೆರಳಿನಷ್ಟು ಬಟ್ಟಲಲ್ಲಿ ಕೊಡುತ್ತಾರೆ, ಖಾಲಿಯಾದ ಕೂಡಲೇ ತುಂಬುತ್ತಾರೆ. ಖಾಲಿ ಮಾಡದಿದ್ದರೆ ಅಪಮಾನವಾದೀತೆಂದು ನಾನು ಕುಡಿಯುತ್ತ ಹೋದೆ, ಖಾಲಿಯಿದ್ದರೆ ಅಪಮಾನವಾದೀತೆಂದು ಅವಳು ತುಂಬುತ್ತ ಹೋದಳು. ಫೋನಿನ ಅನುವಾದಕದ ಸಹಾಯದಿಂದ ಮಾತು ನಡೆಯಿತು.

"ನೀನು ಏನು ಕೆಲಸ ಮಾಡುತ್ತೀ?"

"ಹೊಸ ಕಾರ್ಡು ಬರುತ್ತದೆ, ಅಲ್ಲಿಯವರೆಗೆ ಕಾಯಿರಿ ಎಂದು ಜನಕ್ಕೆ ಹೇಳುತ್ತೇನೆ."

"ನಾನೂ ಕಾಯುತ್ತಿದ್ದೇನೆ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಾನು ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ, ಕೇಳಬೇಡ" ಎಂದಳು. ಕೇಳಲಿಲ್ಲ. ಎದ್ದು ಕೆಳಗೆ ಕರೆದುಕೊಂಡು ಹೋದಳು. ಎರಡು ಅಚ್ಚಿನ ಯಂತ್ರಗಳಿದ್ದವು. ಒಂದು ಈಗ ಅಂಗಡಿಯಲ್ಲಿರುವ ಕಾರ್ಡುಗಳ ಡಬ್ಬಿಯನ್ನೇ ಗಡಗಡ ಮುದ್ರಿಸುತ್ತಿತ್ತು. ಇನ್ನೊಂದಕ್ಕೆ ಬಟ್ಟೆ ಹೊದಿಸಿದ್ದರು.

ಹೊಸ ಕಾರ್ಡು ಬರುವ ವರ್ಷವಾದರೆ ತಿಂಗಳುಗಟ್ಟಲೆ ಮೊದಲೇ ಡಬ್ಬಿಯ ಕೆಲಸ ಶುರುವಾಗುತ್ತದೆ, ಆ ಬಟ್ಟೆ ಹೊದಿಸಿದ ಯಂತ್ರ ಈ ಹೊತ್ತಿಗೆ ಹಗಲಿಡೀ ಓಡಬೇಕಿತ್ತು, ಯಾರೂ ಒಂದು ಮಾದರಿ ಡಬ್ಬಿಯನ್ನೂ ಕೇಳಿಲ್ಲ ಎಂದಳು. ಯಾಕೆ ಎಂದೆ. ಮೆಮೊರಿ ಇಲ್ಲ ಎಂದಳು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಯಂತ್ರಶಾಲೆಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಮುಂಗಡವಾಗಿ ಕೊಂಡುಬಿಟ್ಟಿವೆ. ಹಾಲೆಲ್ಲ ಡೇರಿಗೆ ಹೋದರೆ ಮನೆಯಲ್ಲಿ ಚಹಾಕ್ಕೆ ಹಾಲೆಲ್ಲಿ? ಹೊಸ ಕಾರ್ಡು ಸದ್ಯಕ್ಕೆ ಬರುವುದಿಲ್ಲ. ಈಗಿರುವುದೂ ದಿನ ಹೋದಂತೆ ಸಿಗುವುದು ಕಷ್ಟ, ಸಿಕ್ಕರೆ ತುಟ್ಟಿ.

ನನಗೆ ಖುಷಿಯಿಂದ ಅಲ್ಲೇ ಕುಣಿಯಬೇಕೆನ್ನಿಸಿತು. ಮೊಹಸಿನನ ಕಪಾಟಿನಲ್ಲಿರುವುದು ಮಣ್ಣಲ್ಲ, ಅವನ ಅಂಗಡಿ ಉಳಿಯುತ್ತದೆ. ಲಿನ್ ಬಾಯಿಗೆ ಕೈ ಮುಗಿದೆ. ಅವಳ ಯಂತ್ರ ನಿಂತದ್ದಕ್ಕೆ ನಾನು ಖುಷಿಪಡುತ್ತಿದ್ದೇನೆ ಎಂಬುದು ಮೆಟ್ಟಿಲು ಇಳಿದ ಮೇಲೆ ತಿಳಿದು ಸ್ವಲ್ಪ ಕಸಿವಿಸಿಯಾಯಿತು.

ಹೋಟೆಲಿನ ಕೋಣೆ

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕೂತು ವಿಡಿಯೊ ಮಾಡಿದೆ. ಗೊತ್ತಿಲ್ಲದ್ದನ್ನು ಹೇಳುವಾಗ ನನ್ನ ನಾಲಿಗೆ ಎಂದೂ ತೊದಲಿದ್ದಿಲ್ಲ. ಆವತ್ತು ಗೊತ್ತಿರುವುದನ್ನು ಹೇಳಬೇಕಿತ್ತು, ಬೆವರು ಬಂತು. ಲಿನ್ ಬಾಯಿಯ ಹೆಸರೆತ್ತಿದರೆ ಅವಳ ಗಿರಾಕಿಗಳು ಹೋಗುತ್ತಾರೆ. ಹಾಗಾಗಿ ಎಲ್ಲಿ ಕೇಳಿದೆ, ಯಾರಿಂದ ಕೇಳಿದೆ ಎನ್ನದೆ ಸೀದಾ ಹೇಳಿದೆ: "ನಮಸ್ಕಾರ್ರೀ. ಹೊಸ ಕಾರ್ಡ್ ಈ ವರ್ಷ ಬರಂಗಿಲ್ಲ. ಇದ್ದದ್ದ ತುಟ್ಟಿ ಆಗ್ತದ. ಬೇಕಾದಾವ್ರು ಇವತ್ತ ಹೋಗಿ ತಗೋರಿ. ತಡೀಬ್ಯಾಡ್ರಿ."

ಹಾಕಿದ ಕೂಡಲೇ ಕೆಳಗೆ ಮಾತುಗಳು ಬರತೊಡಗಿದವು. "ಸರ್, ಯಾರರೆ ನಿಮ್ಮ ಅಕೌಂಟ್ ಕದ್ದಾರೇನು?" "ಸರ್ ಆರಾಮ ಅದೀರಿಲ್ಲೊ? ಅಲ್ಲಿ ನೀರು ಒಗ್ಗಿಲ್ಲೇನೋ." ಒಬ್ಬ ಮಾತ್ರ, "ಶರಣು ಸರ್ ತಗೋರಿ ಅಂದ್ರ ಅದು ಖರೇನ ಇರಬೇಕು, ನಾ ಹೊಂಟೆ" ಎಂದು ಬರೆದಿದ್ದ. ಅದನ್ನು ನೋಡಿ ಇನ್ನೂ ಹಲವರು ಹೊರಟರು. ಮೊಹಸಿನನಿಗೆ ವಿಡಿಯೊ ಕಳಿಸಿದೆ. ಅವನಿಂದ ಅಳುವ ಮುಖದ ಚಿತ್ರ, ಕೈ ಮುಗಿದ ಚಿತ್ರ ಬಂದವು. ಖುಷಿಗೆ ಅಳುತ್ತಿದ್ದಾನೆ ಎಂದುಕೊಂಡು ನಾನೂ ಕಣ್ಣೊರೆಸಿಕೊಂಡೆ.

ಕಮಲಾಪುರ

ಹೈದರಾಬಾದಿನಲ್ಲಿ ವಿಮಾನ ಇಳಿದು ಬಸ್ಸು ಹಿಡಿದರೆ ಹುಮನಾಬಾದ ದಾಟಿ ಮೊದಲು ಸಿಗುವುದು ಕಮಲಾಪುರ, ಆಮೇಲೆ ಕಲಬುರಗಿ. ಅವ್ವನಿಗೆ ಮುಖ ತೋರಿಸಲು ಇಳಿದೆ. ಬಾಳೆಹಣ್ಣು ದೊಡ್ಡ ಮಂದಿಗೆ ಸೇರಿತೋ ಎಂದು ಕೇಳಿದಳು. ಪೊಲೀಸರು ಕೂಡ ಬಣ್ಣ ಹೊಗಳಿದರು ಎಂದೆ. ಅವಳಿಗೆ ಸಮಾಧಾನವಾಯಿತು.

ಊಟಕ್ಕೆ ಕೂತಾಗ ಚಿಕ್ಕಪ್ಪನ ಮಗ ರೇವಣಸಿದ್ದ ಬಂದ. ಕಮಲಾಪುರದಲ್ಲಿ ಮದುವೆ ವಿಡಿಯೊ ಮಾಡುವವನು. ಅವನ ಹಳೇ ಕಂಪ್ಯೂಟರು ಮದುಮಕ್ಕಳ ಮೇಲೆ ಹೂ ಸುರಿಯುವ ಜಾಗಕ್ಕೆ ಬಂದರೆ ಉಸಿರುಗಟ್ಟಿ ನಿಲ್ಲುತ್ತದೆ. ನಾನು ತಡೀರಿ ಅಂದದ್ದಕ್ಕೆ ಇಷ್ಟು ದಿನ ತಡೆದಿದ್ದ.

"ಅಣ್ಣಾ, ನಿನ್ನ ವಿಡಿಯೊ ನೋಡಿ ರೊಕ್ಕ ತಗೊಂಡು ಮೊಹಸಿನ್ ಭಾಯ್ ಅಂಗಡಿಗಿ ಹೋಗಿದ್ದೆ. ಅಂವ ಕಾರ್ಡ್ ಕೊಡಲೇ ಇಲ್ಲ."

"ಮಾಲು ಮುಗೀತಂತೇನು?"

"ಕಪಾಟ ತುಂಬ ಇತ್ತು. ಅಂಗಡಿ ಮುಂದ ಮಂದೀನೂ ತುಂಬಿತ್ತು. ಅಂವ ಕೈ ಮುಗದು ನಿಂತಾನ. 'ಶರಣು ನನ್ನ ದೋಸ್ತ ಅದಾನ್ರಿ. ಯಾರು ಹೇಳಿದ್ರು ಅಂತ ಸೈತ ಹೇಳಿಲ್ಲ ನೋಡ್ರಿ, ನನ್ನ ಅಂಗಡಿ ಉಳೀಲಿ ಅಂತ ನನ್ನ ಸಲುವಾಗಿ ಸುಳ್ಳು ಹೇಳ್ಯಾನ. ಅಂವನ ಸುಳ್ಳಿಗಿ ನಿಮ್ಮ ರೊಕ್ಕ ಹಾಳಾಗಬಾರ್ದು. ವಾಪಸ್ ಹೋಗ್ರಿ' ಅಂತ ಎಲ್ಲಾರಿಗೂ ತಿರುಗಿಸಿ ಕಳಿಸ್ಯಾನ."

ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಅವ್ವ ಕರೆಯುತ್ತಿದ್ದಂತೆ ಎದ್ದು ಸಿಕ್ಕ ಟಂಟಂ ಆಟೊ ಹತ್ತಿದೆ. ದಾರಿಯುದ್ದಕ್ಕೂ ಫೋನು ಮಾಡಿದೆ, ಮೊಹಸಿನ್ ಎತ್ತಲಿಲ್ಲ.

ಮತ್ತೆ ಸೂಪರ್ ಮಾರ್ಕೆಟ್

ನಡುವಿನ ಗೋಡೆ ಇರಲಿಲ್ಲ. ಅದಿದ್ದಲ್ಲಿ ಇಟ್ಟಿಗೆಯ ಹಲ್ಲುಗಳಿದ್ದವು. ಕಪಾಟಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿದ್ದಲ್ಲಿ ಮಕ್ಕಳ ಚಪ್ಪಲಿ. ಧೂಳಿನ ನಡುವೆ ಮೊಹಸಿನ್ ತನ್ನ ಅಪ್ಪನ ಕುರ್ಚಿಯಲ್ಲಿ ಕೂತಿದ್ದ. ಫೋನನ್ನು ಚಾರ್ಜಿಗೆ ಹಾಕಿದ್ದನಂತೆ, ಗೋಡೆಯ ಜೊತೆ ಪ್ಲಗ್ಗೂ ಹೋಗಿತ್ತು. ನನ್ನನ್ನು ಕಂಡದ್ದೇ ಎದ್ದು ಬಂದು ಗಟ್ಟಿಯಾಗಿ ಅಪ್ಪಿಕೊಂಡ.

"ಮಾಲು ಎಲ್ಲಿ?" ಎಂದೆ.

"ಹೈದರಾಬಾದಿನ ಸಗಟು ಸೇಠ್‌ಗ ವಾಪಸ್ ಕಳಿಸಿದೆ. ಕೊಟ್ಟಷ್ಟು ಕೊಟ್ಟಾನ, ಬಿಡು."

"ಮೊಹಸಿನ್, ನಾ ಹೇಳಿದ್ದು ಖರೇ ಇತ್ತೋ!"

"ಹೌದು ಹೌದು" ಎಂದು ಬೆನ್ನು ತಟ್ಟಿದ.

ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಹಸಿರು ಪೊಟ್ಟಣ ತಿಂದದ್ದು, ಯಂತ್ರ ಮುನಿದದ್ದು, ಡಬ್ಬಿ ಮಾಡುವ ಲಿನ್ ಬಾಯಿ, ಬೆರಳಿನಷ್ಟು ಬಟ್ಟಲು, ಬಟ್ಟೆ ಹೊದಿಸಿದ ಯಂತ್ರ. ಹೇಳುತ್ತ ಹೋದಂತೆ ನನಗೇ ಅದು ನಂಬಿಕೆಗೆ ಯೋಗ್ಯವಾಗಿ ಕೇಳಿಸಲಿಲ್ಲ. ಮೊಹಸಿನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕ್ಯಾ ಕಥಿ ಕಟ್ಟೀದಿ ಯಾರ್! ಡಬ್ಬಿ ಮಾಡೋ ಬಾಯಿ! ಸಾಕು ಮಾಡು. ನನ್ನ ಮುಂದ ಇನ್ನ ನಾಟಕ ಬ್ಯಾಡ."

"ಅಂಗಡಿ ವಾಪಸ್ ಕೇಳೋಣು. ಬಸಣ್ಣಗ ನಾ ಹೇಳ್ತೇನಿ."

"ಮಾತು ಕೊಟ್ಟಾಯ್ತು. ಅಂವ ಮುಂಗಡಾನೂ ಕೊಟ್ಟಾನ, ಗ್ವಾಡಿನೂ ಒಡಿಸ್ಯಾನ. ಒಡದ ಗ್ವಾಡಿ ಬಾಯಿ ಮಾತಿಗಿ ಎದ್ದು ನಿಲ್ಲಲ್ಲ." ಅವನು ಕುರ್ಚಿಯ ಕೈ ಮೇಲಿನ ಧೂಳು ಒರೆಸಿದ. ಆಮೇಲೆ ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. "ನಿನ್ನ ಹೊಟ್ಟಿ ನಡಿಯೋದ ಆ ತಡೀರಿ ಅನ್ನೋ ಮಾತಿನ ಮ್ಯಾಲೆ. ಅದನ್ನ ಬಿಟ್ಟು ನನ್ನ ಸಲುವಾಗಿ ತಗೋರಿ ಅಂದಿ. ನಾಳೆ ಮಂದಿ ನಿನಗ ಉಗಳ್ತಾರ ಅಂತ ಗೊತ್ತಿದ್ದೂ ಅಂದಿ. ಬೆನ್ನಿಗಿ ಬಿದ್ದ ಅಣ್ಣತಮ್ಮರು ನನಗ ಇಷ್ಟು ಮಾಡಿಲ್ಲ ಭಾಯ್. ಅಂಗಡಿ ಹೋಯ್ತು, ಹೋಗ್ಲಿ. ನನಗ ಇಂಥಾ ದೋಸ್ತ ಅದಾನ ಅನ್ನೋದು ಗೊತ್ತಾಯ್ತಲ್ಲ."

ನನಗೆ ತಡೆಯಲಾಗಲಿಲ್ಲ. ಅವನನ್ನು ಹಿಡಿದು ಅಲುಗಾಡಿಸಿ, ನಾನು ಅಷ್ಟು ದೊಡ್ಡ ಮನುಷ್ಯನಲ್ಲೋ, ನಿನ್ನ ಸಲುವಾಗಿ ಏನನ್ನೂ ಕಳೆದುಕೊಂಡಿಲ್ಲವೋ, ಕಂಡದ್ದನ್ನು ಹೇಳಿದೆನಷ್ಟೇ ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಗೋಡೆ ವಾಪಸ್ ಬರುತ್ತಿರಲಿಲ್ಲ, ಮಾಲೂ ಬರುತ್ತಿರಲಿಲ್ಲ. ಅವನ ಕೈಯಲ್ಲಿ ಉಳಿದದ್ದು ಒಂದೇ ವಸ್ತು, ಅದೂ ಹೋಗುತ್ತಿತ್ತು.

ಬಸಣ್ಣ ಚಪ್ಪಲಿಯ ಡಬ್ಬಿಗಳನ್ನು ಎದೆಗೆ ಒತ್ತಿಕೊಂಡು ಒಡೆದ ಗೋಡೆಯ ನಡುವಿಂದ ದಾಟಿ ಬಂದ. ಮೊಹಸಿನ್ ನನ್ನ ಹೆಗಲ ಮೇಲೆ ಕೈ ಹಾಕಿ, "ಬಸಣ್ಣಾ, ಇಂವನ ನೋಡ್ರಿ, ನಾ ಹೇಳಿದ್ನಲ್ಲ, ಇಂವನ" ಎಂದ.

ಬಸಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನ್ರೀ ಶರಣಪ್ಪ, ಖರೇನ ಅಷ್ಟು ದೂರ ಹೋಗಿ ಇವರ ಸಲುವಾಗಿ ಸುಳ್ಳು ಹೇಳಿ ಬಂದ್ರೇನು?"

ಮೊಹಸಿನ್ ನನ್ನ ಮುಖವನ್ನೇ ನೋಡುತ್ತಿದ್ದ.

"ಹೌದ್ರೀ" ಎಂದೆ. ಅವನ ಸಲುವಾಗಿ ನಾನು ಹೇಳಿದ ಸುಳ್ಳು ಅದೊಂದೇ.